ಐರಿನ್ ಬಾಯಿಯ ಹರಕೆ ಮತ್ತು ಕುಲಶೇಖರದ ಏರು

ಕ್ಲಚ್ಚು ಯಾವುದು, ಬ್ರೇಕು ಯಾವುದು ಅಂತ ಯಾರಿಗೆ ಬೇಕಾದರೂ ಅರ್ಧ ಗಂಟೆಯಲ್ಲಿ ಕಲಿಸಬಹುದು. ಡ್ರೈವಿಂಗ್ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರುವವರೇ, ಕೆಲಸ ಇಷ್ಟೇ ಅಂದುಕೊಂಡು ಬಂದಿದ್ದರೆ ನಿಮ್ಮ ಕಥೆ ಮುಗಿಯಿತು! ಕಾರು ಹೇಳಿದ ಮಾತು ಕೇಳುತ್ತದೆ. ಸ್ಟಿಯರಿಂಗ್ ಹಿಡಿದು ಕುಳಿತವರು ಕೇಳುವುದಿಲ್ಲ. ಕಲಿಯಲೇಬೇಕು ಅಂತ ಹಟ ಹಿಡಿದು ಬಂದವರೇ ತಮ್ಮ ದಾರಿಗೆ ತಾವೇ ಅಡ್ಡ ಮಲಗುತ್ತಾರೆ. ಮಂಗಳೂರಿನಲ್ಲಿ ನಾನು ಅಷ್ಟು ವರ್ಷ ಮಾಡಿದ್ದು ಹಾಗೆ ಮಲಗಿದವರನ್ನು ಎಬ್ಬಿಸುವ ಕೆಲಸ. ಎಂಥ ಮಜಾ ಇತ್ತು ಅಂತೀರಿ! ಈಗ ನೆನೆದರೂ ನನ್ನ ಎಡಗಾಲು ತಾನಾಗಿ ಕ್ಲಚ್ಚು ಹುಡುಕುತ್ತದೆ.

ನಮ್ಮದು ಗದ್ದೆ ತೋಟ ಇದ್ದ ಬಂಟರ ಮನೆ. ಎಪ್ಪತ್ತರ ದಶಕದಲ್ಲಿ ಭೂಮಸೂದೆ ಬಂತು, ಗೇಣಿಗೆ ಕೊಟ್ಟ ಗದ್ದೆಗಳು ಉತ್ತವರ ಪಾಲಾದವು. ಅಣ್ಣಂದಿರು ಬೊಂಬಾಯಿಯ ಹೋಟೆಲು ಹಿಡಿದರು. ನನಗೆ ಸರಿಯಾಗಿ ಬರುತ್ತಿದ್ದದ್ದು ಒಂದೇ, ಅಪ್ಪನ ಅಂಬಾಸಡರ್ ಓಡಿಸುವುದು. ಅದೇ ಬಲದ ಮೇಲೆ ರಾಮಣ್ಣನ ಡ್ರೈವಿಂಗ್ ಶಾಲೆಗೆ ಸೇರಿದೆ. ರಾಮಣ್ಣ ಹಿಂದೆ ಘಾಟಿಯಲ್ಲಿ ಲಾರಿ ಓಡಿಸಿದ ಮನುಷ್ಯ, ಗಂಟಲು ಹಾರ್ನಿನ ಹಾಗೆ. ಅವರ ಕೈಯಲ್ಲಿ ಯಾವಾಗಲೂ ಒಂದು ಮರದ ರೂಲುದೊಣ್ಣೆ. ಗೇರು ತಪ್ಪಿದರೆ ಗೆಣ್ಣಿನ ಮೇಲೆ ಟಪ್ ಅಂತ ಬೀಳುತ್ತಿತ್ತು, ಕಲಿಯುವವರು ವಕೀಲರಾದರೂ ಸರಿ, ಕೋಳಿ ವ್ಯಾಪಾರಿಯಾದರೂ ಸರಿ.

"ಶೆಟ್ರೇ, ಕಲಿಯುವವನಿಗೆ ಹೆದರಿಕೆ ಬೇಕು. ಹೆದರಿದವ ನಿಧಾನ ಹೋಗ್ತಾನೆ" ಅಂತ ನನಗೆ ಹೇಳುತ್ತಿದ್ದರು.

ಸ್ವಲ್ಪ ದಿನದಲ್ಲೇ ನನಗೆ ಗೊತ್ತಾಯಿತು, ಹೆದರಿದವನು ನಿಧಾನ ಹೋಗುವುದಿಲ್ಲ, ಎಲ್ಲಿಗೆ ಬೇಕಾದರೂ ಹೋಗುತ್ತಾನೆ! ಕಾಂಪೌಂಡಿಗೆ, ಚರಂಡಿಗೆ, ಒಮ್ಮೆ ನೇರವಾಗಿ ಒಂದು ಮದುವೆ ಚಪ್ಪರಕ್ಕೆ. ಆಗ ನಮ್ಮ ಕಾರಿನಲ್ಲಿ ಕಲಿಸುವವನ ಕಾಲಿಗೆ ಬೇರೆ ಬ್ರೇಕು ಇರಲಿಲ್ಲ. ಅದೆಲ್ಲ ಎಂಬತ್ತರ ನಂತರ ಬಂದ ಸುಖ. ನನ್ನ ಹತ್ತಿರ ಇದ್ದದ್ದು ಹ್ಯಾಂಡ್ ಬ್ರೇಕು ಮತ್ತು ದೇವರು.

ಆ ದೇವರಿಂದಲೂ ಒಮ್ಮೆ ಪೆಟ್ಟು ತಿಂದೆವು. ಬೋಳಾರದ ಒಬ್ಬ ಅಕ್ಕಿ ವ್ಯಾಪಾರಿ ಕಲಿಯಲು ಬರುತ್ತಿದ್ದರು. ಕೈ ಹದವಾಗಿತ್ತು, ಟೆಸ್ಟಿಗೆ ಹೋಗುವಷ್ಟು ತಯಾರಿದ್ದರು. ಆ ದಿನ ಮಂಗಳಾದೇವಿ ದೇವಸ್ಥಾನದ ಎದುರು ಬಂದೆವು. ಹುಟ್ಟಿದಂದಿನಿಂದ ಆ ದಾರಿಯಲ್ಲಿ ನಡೆದವರು, ಸೈಕಲ್ಲಿನಲ್ಲಿ ಹೋದವರು. ಅಭ್ಯಾಸದ ಬಲ ನೋಡಿ, ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಎತ್ತಿ ಭಕ್ತಿಯಿಂದ ಮುಗಿದರು! ಕೂಗಿ ಎಚ್ಚರಿಸಬೇಕಾದ ನಾನು ಎಂತ ಮಾಡಿದೆ ಅಂದುಕೊಂಡಿರಿ? ನಾನೂ ಕೈ ಮುಗಿದೆ! ಕಾರು ನಮ್ಮಿಬ್ಬರ ಗೊಡವೆಯೇ ಇಲ್ಲದೆ ಹೋಗಿ ಎಳನೀರಿನ ರಾಶಿಗೆ ಮೂತಿ ಇಟ್ಟು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಎಳನೀರಿನವನು ಮಾತ್ರ ಸೊಂಟಕ್ಕೆ ಕೈ ಇಟ್ಟು, "ದೇವರಿಗೆ ಕೈ ಮುಗಿಯುವವರು ಇಳಿದು ಮುಗಿಯಿರಿ ಮಾರಾಯ್ರೆ" ಅಂದ. ನಾವು ಅಲ್ಲೇ ನಾಲ್ಕು ಎಳನೀರು ಕುಡಿದು, ನಕ್ಕು ನಕ್ಕು ಸುಸ್ತಾಗಿ ಮನೆಗೆ ಹೋದೆವು.

ಮನುಷ್ಯನ ಕೈಕಾಲಿಗೆ ಅವನಿಗಿಂತ ಹಳೆಯ ಅಭ್ಯಾಸಗಳಿರುತ್ತವೆ. ಇದು ನನಗೆ ಆ ದಿನ ಹೊಳೆಯಿತು. ಆದರೆ ಸರಿಯಾಗಿ ಅರ್ಥ ಮಾಡಿಸಿದ್ದು ಐರಿನ್ ಬಾಯಿ.

ಐರಿನ್ ಬಾಯಿ ಪಡೀಲಿನವರು, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆಯ ಹಿರಿ ಮಗಳು; ಬಾಯಿ ಅಂದರೆ ಅವರಲ್ಲಿ ಅಕ್ಕ ಅಂದ ಹಾಗೆ. ಕುವೈತಿನ ಆಸ್ಪತ್ರೆಯಲ್ಲಿ ಹತ್ತಾರು ವರ್ಷ ನರ್ಸ್ ಆಗಿದ್ದು, ತಂಗಿಯರ ಮದುವೆ ಮಾಡಿಸಿ, ನಲವತ್ತು ದಾಟಿದ ಮೇಲೆ ರಜೆಯ ಮೇಲೆ ಊರಿಗೆ ಬಂದಿದ್ದರು. ಅವರ ತುಳುವಿಗೆ ಮರುಭೂಮಿಯಲ್ಲಿ ತುಕ್ಕು ಹಿಡಿದಿತ್ತು, ನನ್ನ ಕೊಂಕಣಿ ಹುಟ್ಟಿರಲೇ ಇಲ್ಲ. ಹಾಗಾಗಿ ನಮ್ಮ ಮಾತೆಲ್ಲ ಕನ್ನಡದಲ್ಲಿ.

ಮೊದಲ ದಿನವೇ ಮನಸ್ಸಿನಲ್ಲಿದ್ದದ್ದು ಹೇಳಿದರು. "ಮಾಸ್ಟ್ರೇ, ನನಗೆ ವಾಪಸು ಹೋಗ್ಲಿಕ್ಕೆ ಮನಸ್ಸಿಲ್ಲ. ಇಲ್ಲಿ ಹಾಸಿಗೆ ಹಿಡಿದವರು ಎಷ್ಟು ಮನೆಯಲ್ಲಿ ಇದ್ದಾರೆ ಗೊತ್ತುಂಟಾ? ಇಂಜೆಕ್ಷನ್ ಕೊಡ್ಲಿಕ್ಕೆ, ಗಾಯ ಕಟ್ಲಿಕ್ಕೆ ಜನ ಇಲ್ಲ. ಮನೆ ಮನೆಗೆ ಹೋಗಿ ನೋಡ್ತೇನೆ. ಒಂದು ಹಳೇ ಅಂಬಾಸಡರ್ ತೆಗೆದಿಟ್ಟಿದ್ದೇನೆ. ಲೈಸೆನ್ಸ್ ಒಂದು ಆದರೆ ಕುವೈತಿಗೆ ಬರುವುದಿಲ್ಲ ಅಂತ ತಿಳಿಸಿಬಿಡ್ತೇನೆ."

ರಜೆ ಮುಗಿಯುವುದರೊಳಗೆ ಲೈಸೆನ್ಸ್. ಇಲ್ಲದಿದ್ದರೆ ಮತ್ತೆ ವಿಮಾನ, ಮತ್ತೆ ಆ ಮರಳು, ಹಾಸ್ಟೆಲಿನ ಕೋಣೆ. ಅಷ್ಟು ದೊಡ್ಡ ಪಂದ್ಯ ಕಟ್ಟಿ ನನ್ನ ಪಕ್ಕ ಕುಳಿತಿದ್ದರು.

ಕಲಿಯುವುದರಲ್ಲಿ ಏನೂ ತೊಂದರೆ ಇರಲಿಲ್ಲ. ನರ್ಸಿನ ಕೈ ಅಲ್ಲವೇ, ಗೇರು ಬದಲಿಸಿದ್ದು ಕಾರಿಗೇ ಗೊತ್ತಾಗುತ್ತಿರಲಿಲ್ಲ. ತೊಂದರೆ ಇದ್ದದ್ದು ಏರಿನಲ್ಲಿ. ಮಂಗಳೂರಿನಲ್ಲಿ ಸಮತಟ್ಟು ರಸ್ತೆ ಹುಡುಕಿಕೊಂಡು ಹೋಗಬೇಕು, ಉಳಿದದ್ದೆಲ್ಲ ಹತ್ತುವುದು ಇಳಿಯುವುದು. ಹಾಗಾಗಿ ಟೆಸ್ಟಿನ ದಿನ ಬ್ರೇಕ್ ಇನ್‌ಸ್ಪೆಕ್ಟರು ಏರಿನ ಮಧ್ಯೆ ಕಾರು ನಿಲ್ಲಿಸಿ, ಹಿಂದಿನ ಚಕ್ರದ ಬುಡದಲ್ಲಿ ಒಂದು ಬೆಂಕಿಪೊಟ್ಟಣ ಇಡುತ್ತಿದ್ದರು. ಕಾರು ಹಿಂದೆ ಜಾರದೆ ಮುಂದೆ ಹೋಗಬೇಕು. ಪೊಟ್ಟಣ ಅಪ್ಪಚ್ಚಿಯಾದರೆ ಫೇಲು.

ನನ್ನ ಜೊತೆ ಇರುವಾಗ ಐರಿನ್ ಬಾಯಿ ಎಷ್ಟು ಪೊಟ್ಟಣ ಉಳಿಸಿದ್ದರು! ಆದರೂ ಬಾಯಲ್ಲಿ ಒಂದೇ ಮಾತು. "ಇದು ಈಗ ಹೇಗೋ ಬಂತು ಮಾಸ್ಟ್ರೇ. ನನಗೆ ಏರು ಬರುವುದಿಲ್ಲ."

ಮೊದಲ ಟೆಸ್ಟಿಗೆ ಎತ್ತರದ ಹಿಮ್ಮಡಿಯ ಹೊಸ ಚಪ್ಪಲಿ ಹಾಕಿಕೊಂಡು ಬಂದರು. ಪೆಡಲು ಸಿಗದೆ ಕಾಲು ಒದ್ದಾಡಿ ಪೊಟ್ಟಣ ಪುಡಿಯಾಯಿತು. ಒಳ್ಳೆಯ ಕೆಲಸಕ್ಕೆ ಹೋಗುವಾಗ ಒಳ್ಳೆಯ ಚಪ್ಪಲಿ ಅಂತ ಇರಬಹುದು, ಸುಮ್ಮನಾದೆ. ಎರಡನೇ ಸಲ ಕನ್ನಡಕ ಮನೆಯಲ್ಲಿ ಬಿಟ್ಟು ಬಂದರು. ಮೂರನೇ ಸಲ ಮಾಡಿದ್ದು ಎಲ್ಲಕ್ಕಿಂತ ಮಿಗಿಲು. ಇನ್‌ಸ್ಪೆಕ್ಟರು ಕಾರು ಹತ್ತಿ ಬಾಗಿಲು ಹಾಕಿಕೊಳ್ಳುವುದರೊಳಗೆ, "ಸಾರ್, ಮೊದಲೇ ಹೇಳಿಬಿಡ್ತೇನೆ, ನನಗೆ ಏರು ಬರುವುದಿಲ್ಲ" ಅಂದುಬಿಟ್ಟರು!

ಇನ್‌ಸ್ಪೆಕ್ಟರು ನಕ್ಕದ್ದನ್ನು ಮಂಗಳೂರಿನಲ್ಲಿ ಯಾರೂ ನೋಡಿರಲಿಲ್ಲ. "ಬರುವುದಿಲ್ಲವಾದರೆ ಇಳಿಯಿರಿ ಬಾಯಿ. ನನಗೂ ಬೇರೆ ಕೆಲಸ ಉಂಟು" ಅಂದರು. ಇವರು ಇಳಿದರು. ಇಳಿಯುವಾಗ ಅವರ ಮುಖದಲ್ಲಿ ಬೇಜಾರಿತ್ತು, ನಿಜ. ಆದರೆ ಬೇಜಾರಿನ ಹಿಂದೆ ಇನ್ನೊಂದು ಕಂಡಿತು. ಹಲ್ಲು ಕೀಳುವ ಡಾಕ್ಟರು ಇವತ್ತು ರಜೆ ಅಂತ ಗೊತ್ತಾದವರ ಮುಖ ನೋಡಿದ್ದೀರಾ? ಹಾಗೆ. ಬಿಡುಗಡೆ! ನನಗೆ ಎಷ್ಟು ಸಿಟ್ಟು ಬಂತೆಂದರೆ, ರಾಮಣ್ಣನ ರೂಲುದೊಣ್ಣೆ ನೆನಪಾಯಿತು.

ರಾಮಣ್ಣ ಕೈ ಚೆಲ್ಲಿಬಿಟ್ಟರು. "ಅವರನ್ನು ಕುವೈತಿಗೆ ಕಳಿಸಿಬಿಡಿ ಶೆಟ್ರೇ. ಅಲ್ಲಿ ರಸ್ತೆ ಎಲ್ಲ ಚಪ್ಪಟೆ ಅಂತೆ."

ನಾನು ಬಿಡುವವನಲ್ಲ. ಮರುದಿನ ಮಧ್ಯಾಹ್ನ ಪಡೀಲಿಗೆ ಅವರ ಮನೆಗೇ ಹೋದೆ. ಊಟದ ಹೊತ್ತು. ಅವರ ತಾಯಿ, ಎಲ್ಲರೂ ಮಾಂಯ್ ಅಂತ ಕರೆಯುವ ಗಟ್ಟಿ ಮುದುಕಿ, ನನ್ನನ್ನೂ ಬಿಡದೆ ಕೂರಿಸಿದರು. ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಗಸಿ. ಐರಿನ್ ಬಾಯಿ ಉಣ್ಣುವುದನ್ನು ನೋಡಿ ನನಗೆ ಆಶ್ಚರ್ಯ. ಒಂದೊಂದು ಮುಳ್ಳನ್ನೂ ಚೀಪಿ, ಕಣ್ಣು ಮುಚ್ಚಿ, ನಿಧಾನವಾಗಿ, ಇದೇ ಕೊನೆಯ ಬಂಗುಡೆ ಅನ್ನುವ ಹಾಗೆ.

"ಇನ್ನು ಎಷ್ಟು ದಿನವೋ ಎಂತದೋ" ಅಂತ ಉಸಿರು ಬಿಟ್ಟರು.

"ಯಾಕೆ, ಕುವೈತಿನಲ್ಲಿ ಮೀನು ಸಿಗುವುದಿಲ್ಲವಾ?" ಅಂದೆ.

ಮಾಂಯ್ ಸೌಟು ಕೆಳಗಿಟ್ಟರು. "ಕುವೈತ್ ಅಲ್ಲ ಶೆಟ್ರೇ. ಇವಳ ಹರಕೆ! ಲೈಸೆನ್ಸ್ ಸಿಕ್ಕಿದರೆ ಒಂದು ವರ್ಷ ಮೀನು ತಿನ್ನುವುದಿಲ್ಲ ಅಂತ ಹೇಳಿಕೊಂಡಿದ್ದಾಳೆ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮಂಗಳೂರಿನವರಿಗೆ, ಅದೂ ಇಷ್ಟು ವರ್ಷ ಊರ ಮೀನಿಗೆ ಬಾಯಿ ಬಿಟ್ಟು ಬಂದವರಿಗೆ, ಒಂದು ವರ್ಷ ಮೀನಿಲ್ಲ!

"ಅಷ್ಟೇ ಅಲ್ಲ" ಅಂದರು ಮಾಂಯ್. "ಮೊದಲು ಹಂದಿಮಾಂಸ ಬಿಡ್ತೇನೆ ಅಂದಳು. ಫೇಲ್ ಆಯಿತು. ಹರಕೆ ಸಾಕಾಗಲಿಲ್ಲ ಅಂತ ಮೀನು ಸೇರಿಸಿದಳು. ಮತ್ತೆ ಫೇಲ್. ಆಮೇಲೆ ಮದುವೆಗಳಲ್ಲಿ ಕುಣಿಯುವುದಿಲ್ಲ ಅಂತ ಆಯಿತು. ನಿನ್ನೆ ಫೇಲಾಗಿ ಬಂದು ಎಂತ ಹೇಳಿಕೊಂಡಳು ಕೇಳಿ. ಪ್ರತಿ ಆದಿತ್ಯವಾರ ಬರಿಗಾಲಲ್ಲಿ ಕುಲಶೇಖರದ ಇಗರ್ಜಿಗೆ ನಡೆದುಕೊಂಡು ಹೋಗ್ತಾಳಂತೆ!"

"ಕಾರು ಬಂದ ಮೇಲೆ ನಡೆಯುವುದಾ?" ನನಗೆ ನಗು ತಡೆಯಲಾಗಲಿಲ್ಲ.

ಐರಿನ್ ಬಾಯಿ ನಗಲಿಲ್ಲ. "ನಗಬೇಡಿ ಮಾಸ್ಟ್ರೇ. ನನಗೆ ಯಾವುದೂ ಸುಮ್ಮನೆ ಸಿಕ್ಕಿದ್ದಿಲ್ಲ. ಕುವೈತಿನ ಕೆಲಸ ಸಿಕ್ಕಿತು, ಹೋಗಿ ಒಂದು ತಿಂಗಳಾಗುವುದರೊಳಗೆ ಅಪ್ಪ ಹೋದರು. ಮುಖ ನೋಡ್ಲಿಕ್ಕೂ ಆಗಲಿಲ್ಲ. ಅಂದಿನಿಂದ ಹೀಗೆಯೇ. ಒಂದು ಒಳ್ಳೆಯದು ಸಿಗ್ತದೆ ಅಂದರೆ ನನಗೆ ಹೆದರಿಕೆ ಆಗ್ತದೆ. ಅದು ಎಂತ ತೆಗೆದುಕೊಂಡು ಹೋಗ್ತದೋ ಅಂತ. ಅದು ಕೇಳುವ ಮೊದಲು ನಾನೇ ಕೊಟ್ಟುಬಿಟ್ಟರೆ..."

ನನಗೆ ಅಯ್ಯೋ ಅನಿಸಿತು. ಎಷ್ಟು ಜನರ ಗಾಯ ಕಟ್ಟಿದ ಹೆಂಗಸು ತನ್ನದೊಂದನ್ನು ಹೀಗೆ ಬಿಚ್ಚಿಕೊಂಡೇ ತಿರುಗುತ್ತಿದ್ದರಲ್ಲ! ಅದರ ಜೊತೆಗೇ ನನ್ನ ತಲೆಯೊಳಗೆ ಹೆಡ್‌ಲೈಟು ಹತ್ತಿದ ಹಾಗಾಯಿತು. ಚಪ್ಪಲಿ, ಕನ್ನಡಕ, ಇನ್‌ಸ್ಪೆಕ್ಟರಿಗೆ ಹೇಳಿದ ಮಾತು, ಎಲ್ಲ ಒಂದೇ ಸಾಲಿನಲ್ಲಿ ಬಂದು ನಿಂತವು.

"ಬಾಯಿ, ಪಾಸಾದರೆ ನಿಮಗೆ ಎಂತ ಸಿಗ್ತದೆ?" ಕೇಳಿದೆ.

"ಲೈಸೆನ್ಸ್."

"ಫೇಲಾದರೆ?"

ಉತ್ತರ ಕೊಟ್ಟದ್ದು ಮಾಂಯ್. "ಬಂಗುಡೆ!"

"ನೋಡಿದಿರಾ!" ಅಂತ ನಾನು ಎಲೆಯ ಮುಂದೆ ಕುಳಿತಲ್ಲೇ ಕೂಗಿಬಿಟ್ಟೆ. "ಪಾಸಾಗುವುದನ್ನು ನೀವು ಶಿಕ್ಷೆ ಮಾಡಿಟ್ಟಿದ್ದೀರಿ. ಸಲ ಸಲಕ್ಕೆ ಶಿಕ್ಷೆ ಜೋರಾಗ್ತಾ ಉಂಟು. ನಿಮ್ಮ ಕಾಲಿಗೆ ಬುದ್ಧಿ ಉಂಟು ಬಾಯಿ, ಅದು ಯಾಕೆ ಹತ್ತಬೇಕು ಹೇಳಿ? ಹತ್ತಿದರೆ ಮೇಲೆ ಉಪವಾಸ ಕಾಯ್ತಾ ಇರ್ತದೆ!"

"ಹರಕೆ ಹರಕೆಯೇ ಮಾಸ್ಟ್ರೇ. ತಪ್ಪಿಸ್ಲಿಕ್ಕೆ ಆಗ್ತದಾ?"

ಹರಕೆ ಅಂದರೆ ಏನು ಅಂತ ಬಂಟರ ಮನೆಯವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ನಮ್ಮಲ್ಲೂ ದೈವಕ್ಕೆ ಹೇಳಿಕೊಂಡದ್ದನ್ನು ಅಳಿಸಿ ಹಾಕುವ ಧೈರ್ಯ ಯಾರಿಗೂ ಇಲ್ಲ. ಆದರೆ ಹೇಳಿಕೊಂಡದ್ದನ್ನು ಬದಲಿಸಿ ಕೊಡುವ ದಾರಿ ನಮ್ಮಲ್ಲಿ ಉಂಟು. ಇವರಲ್ಲೂ ಇರಬೇಕಲ್ಲ? ಕೈ ತೊಳೆದವನೇ ಅವರನ್ನು ಅವರದೇ ಹಳೇ ಅಂಬಾಸಡರಿನಲ್ಲಿ ಕೂರಿಸಿಕೊಂಡು ಕುಲಶೇಖರಕ್ಕೆ ಹೊರಟೆ. ಓಡಿಸಿದ್ದು ನಾನೇ. ಏರು ಬಂದಾಗ ಅವರು ಕಿಟಕಿಯಾಚೆ ನೋಡುತ್ತಿದ್ದರು.

ಇಗರ್ಜಿಯ ಫಾದರ್ ವಯಸ್ಸಾದವರು, ಹೂವಿನ ಗಿಡಕ್ಕೆ ನೀರು ಬಿಡುತ್ತಿದ್ದರು. ಹರಕೆಯ ಪಟ್ಟಿ ಪೂರ್ತಿ ಕೇಳಿಸಿಕೊಂಡರು. ಬಂಗುಡೆಯ ಹತ್ತಿರ ಬರುವಾಗ ಅವರ ಹೊಟ್ಟೆ ಕುಲುಕಿದ್ದನ್ನು ನಾನು ಕಂಡೆ.

"ದೇವರು ನಿನ್ನ ಹತ್ತಿರ ಮೀನು ಕೇಳಿದನಾ ಐರಿನ್?"

"ಇಲ್ಲ ಫಾದರ್."

"ಮತ್ತೆ? ಕೇಳದ್ದನ್ನು ಕೊಟ್ಟು, ಕೊಟ್ಟದ್ದಕ್ಕೆ ಹೆದರಿ ಕುಳಿತಿದ್ದೀಯಲ್ಲ. ನಿನ್ನ ಅಪ್ಪನನ್ನು ಮಣ್ಣು ಮಾಡಿದ್ದು ನಾನು. ಕೊನೆಗೆ ಅವನು ಎಂತ ಹೇಳಿದ ಗೊತ್ತುಂಟಾ? ಮಗಳಿಗೆ ಕೆಲಸ ಸಿಕ್ಕಿತು, ಇನ್ನು ನಿಶ್ಚಿಂತೆ ಅಂತ. ಖುಷಿಯಲ್ಲಿ ಹೋದ. ಅದಕ್ಕೆ ನೀನು ಇಷ್ಟು ವರ್ಷ ದಂಡ ಕಟ್ಟುವುದಾ?"

ಐರಿನ್ ಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಗಿಡ ನೋಡುತ್ತಾ ನಿಂತೆ.

ಫಾದರ್ ಕೊಡದಲ್ಲಿ ಉಳಿದ ನೀರನ್ನು ಬುಡಕ್ಕೆ ಸುರಿದು ಹೇಳಿದರು, "ಈ ಹರಕೆ ಎಲ್ಲ ನಾನು ಬದಲಿಸಿ ಕೊಡ್ತೇನೆ. ಮೀನು ತಿನ್ನು, ಮದುವೆಯಲ್ಲಿ ಕುಣಿ. ಅದರ ಬದಲು ಪ್ರತಿ ಆದಿತ್ಯವಾರ ಬೆಳಗಿನ ಪೂಜೆಗೆ, ನಡೆಯಲಾಗದ ಅಜ್ಜಿಯರನ್ನು ಪಡೀಲಿನಿಂದ ನಿನ್ನ ಕಾರಿನಲ್ಲಿ ಕರೆದುಕೊಂಡು ಬಾ. ಇದೇ ನಿನ್ನ ಹರಕೆ."

"ಅದಕ್ಕೆ ಲೈಸೆನ್ಸ್ ಬೇಕಲ್ಲ ಫಾದರ್!"

"ಅದು ನಿನ್ನ ತಲೆಬಿಸಿ."

ಭಲೇ ಫಾದರ್! ಅಲ್ಲಿಯವರೆಗೆ ಹರಕೆ ಹಿಂದಕ್ಕೆ ಎಳೆಯುತ್ತಿತ್ತು, ಈಗ ಅದೇ ಹಿಂದಿನಿಂದ ದೂಡತೊಡಗಿತು. ಅಷ್ಟಕ್ಕೇ ಬಿಡಲಿಲ್ಲ ಅವರು. ಬಂದ ಆದಿತ್ಯವಾರ ಪೂಜೆಯ ಕೊನೆಯಲ್ಲಿ ಎಲ್ಲರೆದುರು ಸಾರಿಯೂ ಬಿಟ್ಟರು. ಪಡೀಲಿನ ಅಜ್ಜಿಯರು ಮರುದಿನದಿಂದಲೇ ಐರಿನ್ ಬಾಯಿಯ ಗೇಟಿಗೆ ಬರತೊಡಗಿದರು. ಎಷ್ಟು ಗಂಟೆಗೆ ಹೊರಡುವುದು, ಕಿಟಕಿ ಬದಿ ಯಾರಿಗೆ, ಕೊಡೆ ಎಲ್ಲಿಡುವುದು! "ಇವರಿಗೆ ನಾನು ಎಂತ ಹೇಳುವುದು ಮಾಸ್ಟ್ರೇ?" ಅಂತ ಐರಿನ್ ಬಾಯಿ ನನ್ನ ಮೇಲೆ ರೇಗಿದರು. ಆ ರೇಗುವಿಕೆ ಕೇಳಿ ನನಗೆ ಕುಣಿಯುವಷ್ಟು ಖುಷಿ. ಏರು ಬರುವುದಿಲ್ಲ ಅನ್ನುವ ಮಾತು ಎಲ್ಲಿಯೂ ಇರಲಿಲ್ಲ!

ಒಂದು ಬೆಳಿಗ್ಗೆ ಅಭ್ಯಾಸಕ್ಕೆ ಅಂತ ಹೋದರೆ ಕಾರಿನ ಹಿಂದಿನ ಸೀಟಿನಲ್ಲಿ ಬೈಹುಲ್ಲಿನಲ್ಲಿ ಉಂಡೆಯಾಗಿ ಕಟ್ಟಿದ ಎರಡು ಅಕ್ಕಿ ಮುಡಿ ಕುಳಿತಿದ್ದವು.

"ಇದು ಎಂತದು ಬಾಯಿ?"

"ಅಜ್ಜಿಯರು ಮಾಸ್ಟ್ರೇ. ಅವರು ಕೂತರೆ ಕಾರು ಭಾರ ಆಗ್ತದಲ್ಲ. ಖಾಲಿ ಕಾರಿನಲ್ಲಿ ಕಲಿತು ಎಂತ ಪ್ರಯೋಜನ?"

ಮುಡಿಗಳನ್ನು ಹೊತ್ತುಕೊಂಡು ನಾವು ಊರಿನ ಏರನ್ನೆಲ್ಲ ಹತ್ತಿದೆವು. ಮೊದಲು ಕಾರು ಗೊರಗೊರ ಅಂದು ನಿಂತಿತು, ಜಾರಿತು, ಒಮ್ಮೆ ಮುಡಿ ಉರುಳಿ ಅಕ್ಕಿ ಚೆಲ್ಲಿತು. ಅವರು ನಕ್ಕು, "ಒಂದು ಅಜ್ಜಿ ಬಿದ್ದರು" ಅಂದು ಮತ್ತೆ ಹತ್ತಿಸಿದರು. ಪಾಸಾಗುತ್ತೇನೋ ಇಲ್ಲವೋ ಅನ್ನುವ ಯೋಚನೆಗೆ ಅವರ ತಲೆಯಲ್ಲಿ ಜಾಗವೇ ಉಳಿದಿರಲಿಲ್ಲ, ಪೂರ್ತಿ ಅಜ್ಜಿಯರೇ ತುಂಬಿದ್ದರು. ಅಂದಿನಿಂದ ನಾನು ಕಲಿಯಲು ಬಂದ ಪ್ರತಿಯೊಬ್ಬರನ್ನೂ ಮೊದಲ ದಿನವೇ ಕೇಳುತ್ತಿದ್ದೆ, ಲೈಸೆನ್ಸ್ ಸಿಕ್ಕಿದ ಮರುದಿನ ಯಾರನ್ನು ಕೂರಿಸಿಕೊಂಡು ಎಲ್ಲಿಗೆ ಹೋಗುತ್ತೀರಿ ಅಂತ. ನೀವೂ ಕೇಳಿ. ಉತ್ತರ ತಡವರಿಸಿದರೆ ಕ್ಲಚ್ಚಿನ ಪಾಠ ಆಮೇಲೆ ಮಾಡಿ.

ನಾಲ್ಕನೇ ಟೆಸ್ಟು ರಜೆಯ ಕೊನೆಯ ವಾರದಲ್ಲಿ. ಕುವೈತಿನ ಟಿಕೆಟು ಆಗಲೇ ಮನೆಯಲ್ಲಿತ್ತು. ನಾನು ಏರಿನ ಬುಡದಲ್ಲಿ ನಿಂತಿದ್ದೆ, ರಾಮಣ್ಣನೂ ಸುಮ್ಮನೆ ಬಂದೆ ಅಂತ ಸುಳ್ಳು ಹೇಳಿ ಪಕ್ಕದಲ್ಲಿ ನಿಂತಿದ್ದರು. ಐರಿನ್ ಬಾಯಿಯ ಕಾಲಲ್ಲಿ ಹಳೆಯ ಚಪ್ಪಲಿ, ಮೂಗಿನ ಮೇಲೆ ಕನ್ನಡಕ. ಕಾರು ಏರಿನ ಮಧ್ಯೆ ನಿಂತಿತು. ಇನ್‌ಸ್ಪೆಕ್ಟರು ಇಳಿದು ಬೆಂಕಿಪೊಟ್ಟಣ ಇಟ್ಟು ಮತ್ತೆ ಹತ್ತಿದರು. ರಾಮಣ್ಣ ನನ್ನ ತೋಳನ್ನು ಹ್ಯಾಂಡ್ ಬ್ರೇಕಿನ ಹಾಗೆ ಹಿಡಿದುಕೊಂಡಿದ್ದರು.

ಇಂಜಿನ್ನಿನ ಸದ್ದು ಸ್ವಲ್ಪ ಏರಿತು. ಕಾರಿನ ಮೂತಿ ಒಂದಿಷ್ಟು ಮೇಲೆದ್ದಿತು. ಹೊರಟಿತು! ಮುಡಿಗಳಿಲ್ಲದ ಕಾರು, ಹತ್ತಿಯ ಹಾಗೆ ಹಗುರವಾಗಿ ಮೇಲೆ ಹೋಯಿತು! ಹಿಂದೆ ರಸ್ತೆಯಲ್ಲಿ ಬೆಂಕಿಪೊಟ್ಟಣ ಇಟ್ಟ ಹಾಗೆಯೇ ಕುಳಿತಿತ್ತು. ರಾಮಣ್ಣ ಓಡಿ ಹೋಗಿ ಅದನ್ನೆತ್ತಿ, ಒಂದು ಬೀಡಿ ಹಚ್ಚಿದರು.

ಕಾರು ಸುತ್ತು ಹಾಕಿ ಕೆಳಗೆ ಬಂತು. ಇನ್‌ಸ್ಪೆಕ್ಟರು ಇಳಿಯುತ್ತಾ, "ಪಾಸ್" ಅಂದರು.

"ಸಾರ್, ಇನ್ನೊಮ್ಮೆ ಹತ್ತಿಸಲಾ?"

"ಎಂತಕ್ಕೆ? ಪಾಸ್ ಅಂತ ಹೇಳಿದೆನಲ್ಲ ಬಾಯಿ."

"ಪಾಸಾಗ್ಲಿಕ್ಕೆ ಅಲ್ಲ ಸಾರ್. ಖುಷಿಗೆ."

ಇನ್‌ಸ್ಪೆಕ್ಟರು ನನ್ನನ್ನು ನೋಡಿದರು, ರಾಮಣ್ಣನನ್ನು ನೋಡಿದರು. ಆಮೇಲೆ, ನಾನು ಆಣೆ ಮಾಡಿ ಹೇಳುತ್ತೇನೆ, ಆ ಮನುಷ್ಯ ನಕ್ಕರು. ನಕ್ಕು, ಮತ್ತೆ ಒಳಗೆ ಕುಳಿತು ಬಾಗಿಲು ಹಾಕಿಕೊಂಡರು.

ಟಿಕೆಟು ವಾಪಸಾಯಿತು. ಮುಂದಿನ ಆದಿತ್ಯವಾರ ನಾನೂ ಪಡೀಲಿನಲ್ಲಿದ್ದೆ. ಅಂಬಾಸಡರಿನ ಹಿಂದೆ ನಾಲ್ಕು ಅಜ್ಜಿಯರು, ಮುಂದೆ ಮಾಂಯ್, ಬಾಗಿಲಿಗೆ ಅಂಟಿಕೊಂಡು ನಾನು, ಎಲ್ಲರ ತೊಡೆಯ ಮೇಲೆ ಕೊಡೆಗಳು. ಕುಲಶೇಖರದ ಏರು ಅರ್ಧ ಹತ್ತಿದ್ದೆವು, ನಮ್ಮ ಮುಂದಿದ್ದ ಬಸ್ಸು ಜನ ಹತ್ತಿಸಲು ಸಡನ್ನಾಗಿ ನಿಂತಿತು. ನಾವೂ ನಿಲ್ಲಬೇಕಾಯಿತು, ಅದೂ ಕಡಿದಾದ ಜಾಗದಲ್ಲಿ. ಹಿಂದೆ ಒಂದು ಲಾರಿ. ಅಜ್ಜಿಯರು ಒಟ್ಟಿಗೆ ಜಪಸರ ತೆಗೆದು ಗಟ್ಟಿಯಾಗಿ ಪ್ರಾರ್ಥನೆ ಶುರು ಮಾಡಿದರು. ಮಾಂಯ್ ಕಣ್ಣು ಮುಚ್ಚಿ ನನ್ನ ಕೈ ಹಿಡಿದುಕೊಂಡರು.

ಐರಿನ್ ಬಾಯಿ ಕನ್ನಡಿಯಲ್ಲಿ ಹಿಂದೆ ನೋಡಿದರು. ಕೊಂಕಣಿಯಲ್ಲಿ ಏನೋ ಹೇಳಿದರು, ಪ್ರಾರ್ಥನೆ ಗಪ್ಪನೆ ನಿಂತಿತು. ಆಮೇಲೆ ನನಗೂ ತಿಳಿಯಲಿ ಅಂತ ಕನ್ನಡದಲ್ಲಿ ಹೇಳಿದರು.

"ಇಳಿಯುವಾಗ ಪ್ರಾರ್ಥನೆ ಮಾಡಿ ಅಂದೆ ಮಾಸ್ಟ್ರೇ. ಹತ್ತುವುದು ನನಗೆ ಬರ್ತದೆ."

ಬಸ್ಸು ಹೊರಟಿತು. ಅದರ ಹಿಂದೆಯೇ ನಾವೂ ಹೊರಟೆವು.